ನಮೂನೆ ಎರಡು, ಕಲಂ ಏಳು

ಪ್ರಕಟಣೆ ಟೈಪು ಮಾಡಿದವಳು ನಾನೇ.
‘ಸಮುದಾಯ ಮಟ್ಟದಲ್ಲಿ ಮಾನಸಿಕ ಸಂಕಟಕ್ಕೆ
ಅಲ್ಪಾವಧಿ ನೆರವು ನೀಡಬಲ್ಲ ಸಂಸ್ಥೆಗಳಿಂದ
ಅರ್ಜಿ ಆಹ್ವಾನಿಸಲಾಗಿದೆ.’
ಮೊದಲ ಪ್ರತಿಯಲ್ಲಿ ಸೊನ್ನೆ ಬಿಟ್ಟುಹೋಗಿ ‘ಸಕಟ’ ಆಗಿತ್ತು.
ಸಾಹೇಬರು ಕೆಂಪು ಶಾಯಿಯಲ್ಲಿ ಸುತ್ತಿ ಕೊಟ್ಟರು.
ಒಂದು ಸೊನ್ನೆ ಇಟ್ಟೆ, ಸಂಕಟ ಸರಿಯಾಯಿತು.

ನವನಗರದ ನಮ್ಮ ಕಚೇರಿಯ ಗೋಡೆಗೊಂದು,
ಹಳೇ ಬಾಗಲಕೋಟೆಯ ದವಾಖಾನೆಗೊಂದು,
ಬಸ್ ಸ್ಟ್ಯಾಂಡಿಗೊಂದು.

ಹನ್ನೆರಡು ದಿನ ಯಾರೂ ಬರಲಿಲ್ಲ.
ಎರಡು ಫೋನು ಬಂದವು,
ಮುಂಗಡ ಎಷ್ಟೆಂದು ಕೇಳಿ ಇಟ್ಟುಬಿಟ್ಟವು.

ಹದಿಮೂರನೇ ದಿನ, ಊಟದ ಹೊತ್ತಿಗೆ, ದುರಗವ್ವ ಬಂದಳು.
ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯದ ಬಾಗಿಲಲ್ಲಿ
ಐದು ರೂಪಾಯಿ ಇಸಿದುಕೊಂಡು ಕೂಡುವಾಕೆ.
ಸ್ಟೂಲಿನ ಮೇಲೆ ಕೂತು ಕೂತು
ಒಂದು ಮಗ್ಗುಲಿಗೆ ವಾಲಿದ ನಡಿಗೆ.
ಕೈಯಲ್ಲಿ ನನ್ನ ಪ್ರಕಟಣೆ, ಸುಣ್ಣದ ಹಕ್ಕಳೆ ಸಮೇತ.

‘ಹರಕೊಂಡು ಬಂದಿಯೇನ ಬೇ?’
‘ಮತ್ತ ಗೋಡಿ ಕಿತ್ತು ತರಾಕ ಬರ್ತದೇನ್ರೀ ಬಾಯಾರ?
ಅಲ್ಪಾವಧಿ ಅಂದ್ರ ಎಷ್ಟ್ ಹೊತ್ರೀ?’
‘ಒಬ್ಬರಿಗೆ ಆರು ವಾರ.’
ಸೆರಗು ಬಾಯಿಗೆ ಹಿಡಿದು ನಕ್ಕಳು.
‘ಆರು ವಾರ ಸಿಕ್ರ ಪುಣ್ಯಾರೀ.
ನನಗ ಸಿಗೂದು ಬಾದಾಮಿ ಬಸ್ ಹಾರ್ನ್ ಹೊಡೆಯೂಮಟ.

ಬರ್ತಾರ, ಚಿಲ್ರ ಕೊಡ್ತಾರ, ಒಳಗ ಹೋಗಿ ನಳಾ ಬಿಡ್ತಾರ.
ಬಕೀಟು ತುಂಬೂ ನೀರಿನ ಸಪ್ಪಳ ಬ್ಯಾರೆ,
ಅಳು ಮುಚ್ಚಾಕ ಬಿಟ್ಟ ನೀರಿನ ಸಪ್ಪಳ ಬ್ಯಾರೆ.
ಎಂಟ್ ವರ್ಷ ಆತು, ಕಿವಿ ಪಳಗ್ಯಾವ.
ಬಾಗಿಲಾ ಬಡಿಯೂದಿಲ್ಲ ನಾ.
ಹೊರಗ ಕುಂತು ಕೇಳ್ತೀನಿ:
ಯಾವೂರು ತಂಗಿ? ಯಾವ ಬಸ್ಸು? ಉಂಡಿಯೇನು?
ಮೂರನೇದು ಕೇಳೂದ್ರಾಗ ನಳಾ ಬಂದ್ ಆಗ್ತದ.’

ನಮೂನೆ ಎರಡು ತೆಗೆದೆ.
ಸಂಸ್ಥೆಯ ಹೆಸರು: ದುರಗವ್ವ.
ನೋಂದಣಿ ಸಂಖ್ಯೆ: ರೇಷನ್ ಕಾರ್ಡು ಮುಂದಿಟ್ಟಳು.
ಸಿಬ್ಬಂದಿ:
‘ರಾತ್ರಿ ಪಾಳೀಗಿ ಬೀಬಿಜಾನ್ ಇರ್ತಾಳ.
ಆಕಿ ನನಗಿಂತ ಛಲೋ. ಮಾತೇ ಆಡೂದಿಲ್ಲ, ಚಾ ತರಸ್ತಾಳ.’

ಕಲಂ ಏಳು: ಮೂರು ವರ್ಷದ ಲೆಕ್ಕಪರಿಶೋಧನಾ ವರದಿ.
ಕೈಚೀಲದಿಂದ ವಹಿ ತೆಗೆದಳು.
ಪುಟದ ತುಂಬ ಗೀಟು, ಗೀಟಿಗೆ ಐದು ರೂಪಾಯಿ,
ನಡುನಡುವೆ ಕುಂಕುಮದ ಚುಕ್ಕೆ.
‘ಅತ್ತವರ ರೊಕ್ಕ ತಿರುಗಿ ಕೊಡ್ತೀನ್ರೀ.
ಗುತ್ತಿಗೇದಾರ ರಾತ್ರಿ ಎಣಸ್ತಾನ,
ಚುಕ್ಕಿ ಎಲ್ಲಾ ನನ್ನ ಪಗಾರದಾಗ ಮುರಕೋತಾನ.’

ಇಷ್ಟು ಕಟ್ಟುನಿಟ್ಟಾದ ಆಡಿಟ್ಟು
ನಮ್ಮ ಇಲಾಖೆಯಲ್ಲಿ ನಾನು ಕಂಡಿಲ್ಲ.

‘ಸರಕಾರದಿಂದ ನಿನಗೇನು ಬೇಕು?’
‘ಇನ್ನೊಂದು ಸ್ಟೂಲ್ ರೀ.
ಹೊರಗ ಬಂದ ಮ್ಯಾಲೆ ಪಾಪ ನಿಂತೇ ಇರ್ತಾರ.’

ಹಾಳೆ ತಿರುವುವಾಗ
ಹೋದ ವರ್ಷದ ನವೆಂಬರ್ ಸಿಕ್ಕಿತು, ಒಂದು ಮಂಗಳವಾರ.
ಮೂರು ಚುಕ್ಕೆ. ಮೂರನೆಯದು ಕದಡಿ
ಗೀಟುಗಳ ಮೇಲೆಲ್ಲ ಹರಡಿತ್ತು.
ತಿರುಗಿ ಕೊಟ್ಟ ನಾಣ್ಯ ಒಲ್ಲೆನೆಂದು
ಒದ್ದೆ ಕೈಯಲ್ಲಿ ವಹಿ ಸರಿಸಿದವಳು
ಗುಳೇದಗುಡ್ಡದ ಬಸ್ಸಿಗೆ ಓಡಿದ್ದಳು,
ಇದೇ ಬೂದು ಸ್ವೆಟರಿನಲ್ಲಿ.

ಗುರುತು ಹಿಡಿದಳೋ ಇಲ್ಲವೋ.
ಬಿಚ್ಚದ ನನ್ನ ಬುತ್ತಿಯ ಕಡೆ ನೋಡಿ
‘ಉಂಡ್ರೇನ್ರೀ?’ ಅಂದಳು.

ಕಲಂ ಏಳರ ಎದುರು ‘ಲಗತ್ತಿಸಿದೆ’ ಎಂದು ಬರೆದೆ.
ಝೆರಾಕ್ಸಿನಲ್ಲಿ ಕುಂಕುಮ ಕಪ್ಪಗೆ ಬಂತು.
ಸಾಹೇಬರು ಸೋಮವಾರ ತಿರಸ್ಕರಿಸುತ್ತಾರೆ,
ಕೊನೆಯ ದಿನಾಂಕ ಮುಂದೂಡುತ್ತಾರೆ,
ಮತ್ತೆ ಟೈಪು ಮಾಡುವವಳು ನಾನೇ.

ಸ್ಟೋರ್ ರೂಮಿನಲ್ಲಿ ಸ್ಟೂಲ್ ಒಂದಿದೆ,
ಯಾವ ದಾಸ್ತಾನು ವಹಿಯಲ್ಲೂ ಅದರ ನಮೂದಿಲ್ಲ.
ಕಾಲೊಂದು ಅಲ್ಲಾಡುತ್ತದೆ.
ಮೊಳೆ ಹೊಡೆಸಬೇಕು.